ಹಾಡಿದ ಮಾತ್ರಕ್ಕೆ ರೇಡಿಯೊ ಪಾಸಾಗುವುದಿಲ್ಲ



ನಮ್ಮ ಗಡಿನಾಡಿನ ಶಾಲೆಗಳಲ್ಲಿ ಈಗ ಹಳೆಯ ರೇಡಿಯೊಗಳಿಗೆ ಮತ್ತೆ ಒಳ್ಳೆಯ ಕಾಲ ಬಂದಿದೆ. ಶಾಲೆಯ ಶತಮಾನೋತ್ಸವ ಬಂತು, ಹಳೆ ವಸ್ತುಗಳ ಪ್ರದರ್ಶನ ಬಂತು, ಫೆಬ್ರವರಿ 13ರ ವಿಶ್ವ ರೇಡಿಯೊ ದಿನ ಬಂತು ಎಂದರೆ ಅಟ್ಟದ ಮೇಲಿದ್ದ ಮರ್ಫಿ, ಬುಷ್, ಫಿಲಿಪ್ಸ್ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಯಾರೋ ಹಳೆ ವಿದ್ಯಾರ್ಥಿಗಳು ಮರಕ್ಕೆ ಪಾಲಿಶ್ ಹೊಡೆಸಿ, ಒಳಗಿನ ವಯರುಗಳನ್ನೆಲ್ಲ ಬದಲಾಯಿಸಿ ಪ್ರೀತಿಯಿಂದ ತಂದು ಕೊಡುತ್ತಾರೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಪ್ಲಗ್ಗು ಹಾಕುತ್ತಾರೆ. ಡಯಲಿನ ದೀಪ ಹತ್ತುತ್ತದೆ, ಅರ್ಧ ನಿಮಿಷದಲ್ಲಿ ಗುಂಯ್ ಎನ್ನುತ್ತದೆ, ಆಮೇಲೆ ಏನೋ ಒಂದು ಸ್ವರ ಕೇಳುತ್ತದೆ. ಚಪ್ಪಾಳೆ! ಸುತ್ತ ನಲುವತ್ತು ಮಕ್ಕಳು. ಎಲ್ಲರಿಗೂ ಒಮ್ಮೆ ಗುಬುಟು ತಿರುಗಿಸಬೇಕೆಂಬ ಆಸೆ.

"ಹಾಡ್ತದಲ್ಲ ಮಾಷ್ಟ್ರೇ, ಇನ್ನೇನು ಬೇಕು?"

ಈ ಒಂದು ಮಾತಿನ ಮೇಲೆ ನಮ್ಮ ಜಗಳ. ಹಾಡುವುದು ಪರೀಕ್ಷೆಯೇ ಅಲ್ಲ. ಪವರ್ ಸಪ್ಲೈಗೆ ಹೊಸ ವಯರು ಹಾಕಿದ ವಾಲ್ವ್ ರೇಡಿಯೊ ಹಾಡುತ್ತಾ ಹಾಡುತ್ತಾ ಮೈಯೆಲ್ಲ ಕರೆಂಟು ತುಂಬಿಕೊಂಡು ಕೂತಿರಬಹುದು. ಹಾಡುತ್ತಾ ಹಾಡುತ್ತಾ ಒಳಗೆ ಟ್ರಾನ್ಸ್‌ಫಾರ್ಮರ್ ಸುಡುತ್ತಿರಬಹುದು. ನಲುವತ್ತಕ್ಕೆ ಮೂವತ್ತೆಂಟು ಅಂಕ ತೆಗೆದ ಹುಡುಗ ನಕಲು ಹೊಡೆದಿದ್ದಾನೋ ಇಲ್ಲವೋ ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಇದೂ ಹಾಗೆಯೇ.

ಹಳೆಯ ರೇಡಿಯೊಗಳ ಮೇಲೆ ನಮಗೆ ದ್ವೇಷವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ಶುರುವಾಯಿತು. ಈ ಎರಡರ ನಡುವಿನ ಇಪ್ಪತ್ತು ವರ್ಷ ಇಲ್ಲಿನ ಕನ್ನಡ ಮನೆಗಳು ಧಾರವಾಡವನ್ನೋ ಬೆಂಗಳೂರನ್ನೋ ಹಿಡಿಯುವುದಕ್ಕೆ ಇಂಥ ಪೆಟ್ಟಿಗೆಗಳನ್ನೇ ನಂಬಿದ್ದವು. ತೆಂಗಿನ ಮರದಿಂದ ಮರಕ್ಕೆ ಏರಿಯಲ್ ಕಟ್ಟಿ ಕನ್ನಡ ಕೇಳಿದವರ ಮಕ್ಕಳು, ಮೊಮ್ಮಕ್ಕಳು ನಾವೆಲ್ಲ. ಆ ಪೆಟ್ಟಿಗೆ ಶಾಲೆಯಲ್ಲಿರಲಿ, ಮತ್ತೆ ಹಾಡಲಿ. ಆದರೆ ಒಂದು ಮಗುವಿನ ಕೈ ಅದಕ್ಕೆ ತಾಗುವ ಮೊದಲು ಅದು ನಿಜವಾದ ಪರೀಕ್ಷೆಗೆ ಕೂರಲಿ. ನಾವು ಕೇಳುವುದು ಇಷ್ಟೇ.

"ನಮ್ಮ ಅಜ್ಜ ಮೂವತ್ತು ವರ್ಷ ಹೀಗೇ ಪ್ಲಗ್ಗು ಹಾಕಿ ಕೇಳಿದ್ದಾರೆ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ಸ್ವಾಮೀ, ಅಜ್ಜ ಕೇಳುವಾಗ ರೇಡಿಯೊ ಹೊಸದು. ವಯರಿನ ರಬ್ಬರು ಮೆತ್ತಗಿತ್ತು. ಕೆಪಾಸಿಟರುಗಳು ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದವು. ಈಗ ಅದೇ ರಬ್ಬರು ಮುಟ್ಟಿದರೆ ಹುಡಿಯಾಗಿ ಉದುರುತ್ತದೆ. ಹತ್ತಾರು ಮಳೆಗಾಲದ ತೇವ ಟ್ರಾನ್ಸ್‌ಫಾರ್ಮರಿನ ಸುರುಳಿಯೊಳಗೆ ಸೇರಿದೆ. ಮುರಕಲ್ಲಿನ ಗೋಡೆಯ ಮನೆಗಳಲ್ಲಿ ಆಟಿ ತಿಂಗಳು ಬಂದರೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ರೇಡಿಯೊಗೆ ಬಿಟ್ಟೀತೇ? ಅದರ ಮೇಲೆ ಇಲಿ ಕಡಿದಿರುತ್ತದೆ. ಅಜ್ಜ ಬಳಸಿದ್ದೂ ಇದೂ ಹೆಸರಿನಲ್ಲಿ ಮಾತ್ರ ಒಂದೇ ರೇಡಿಯೊ.

"ಅದಕ್ಕೇ ಅಲ್ಲವೇ ವಯರು ಬದಲಾಯಿಸಿದ್ದು?" ಎಂದು ಕೇಳಬಹುದು. ವಯರು ಬದಲಾಯಿಸಿದ ಮೇಲೆ ಅಪಾಯ ಕಡಿಮೆಯಾಗುತ್ತದೆ ಎಂದು ತಿಳಿಯುವುದೇ ಮೊದಲ ತಪ್ಪು. ಹೊಸದಾಗಿ ಕೈಯಾಡಿಸಿದಲ್ಲೆಲ್ಲ ಹೊಸ ತಪ್ಪಿಗೆ ಜಾಗ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಈಗಿನ ಮೂರೆಳೆಯ ವಯರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ಅದಲು ಬದಲಾಗುವುದಕ್ಕೆ ಎಷ್ಟು ಹೊತ್ತು? ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿಗೆ ಬಿದ್ದರೆ ರೇಡಿಯೊ ಆಫ್ ಆದ ಮೇಲೂ ಒಳಗೆಲ್ಲ ಕರೆಂಟು ಇರುತ್ತದೆ. ಆಗಲೂ ರೇಡಿಯೊ ಹಾಡುತ್ತದೆ, ಚೆನ್ನಾಗಿಯೇ ಹಾಡುತ್ತದೆ!

ಈಗ ಪವರ್ ಸಪ್ಲೈ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ವಾಲ್ವ್ ರೇಡಿಯೊಗೆ ಎರಡು ಬಗೆಯ ಊಟ ಬೇಕು. ವಾಲ್ವುಗಳ ಒಳಗಿನ ತಂತಿಯನ್ನು ಕಾಯಿಸುವುದಕ್ಕೆ ಕಡಿಮೆ ವೋಲ್ಟೇಜು, ಹೆಚ್ಚಾಗಿ 6.3 ವೋಲ್ಟು. ಕೆಲಸ ಮಾಡುವುದಕ್ಕೆ ಹೆಚ್ಚಿನ ವೋಲ್ಟೇಜು, 200ರಿಂದ 300 ವೋಲ್ಟಿನಷ್ಟು ಡಿಸಿ. ಇದನ್ನೇ ರಿಪೇರಿಯವರು ಎಚ್‌ಟಿ ಎನ್ನುತ್ತಾರೆ. ಗೋಡೆಯಿಂದ ಬರುವ 230 ವೋಲ್ಟು ಎಸಿಯನ್ನು ಟ್ರಾನ್ಸ್‌ಫಾರ್ಮರ್ ಎರಡು ಪಾಲು ಮಾಡುತ್ತದೆ, ರೆಕ್ಟಿಫೈಯರ್ ವಾಲ್ವು ದೊಡ್ಡ ಪಾಲನ್ನು ಡಿಸಿ ಮಾಡುತ್ತದೆ, ದೊಡ್ಡ ಕೆಪಾಸಿಟರುಗಳು ಅದರ ಏರಿಳಿತ ತೆಗೆದು ಸಪಾಟು ಮಾಡುತ್ತವೆ. ಟ್ರಾನ್ಸಿಸ್ಟರ್ ರೇಡಿಯೊದ ಮೂರು ಸೆಲ್ಲು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಹೊಳೆಯುವುದಿಲ್ಲ. ಆದರೆ ಈ ಪೆಟ್ಟಿಗೆಯ ಒಳಗಿನ ವೋಲ್ಟೇಜು ಗೋಡೆಯ ಪ್ಲಗ್ಗಿನದ್ದಕ್ಕಿಂತ ಹೆಚ್ಚು.

ಇನ್ನೊಂದು ಜಾತಿಯಿದೆ, ಅದು ಇನ್ನೂ ಕೆಟ್ಟದು. ಕೆಲವು ಊರುಗಳಲ್ಲಿ ಡಿಸಿ ಕರೆಂಟು ಬರುತ್ತಿದ್ದ ಕಾಲಕ್ಕೆಂದು ಮಾಡಿದ ಎಸಿ/ಡಿಸಿ ಸೆಟ್ಟುಗಳು. ಇವುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಒಳಗಿನ ತಗಡಿನ ತಳ, ಅಂದರೆ ಚಾಸಿಸ್, ಸೀದಾ ಪ್ಲಗ್ಗಿನ ಒಂದು ಪಿನ್ನಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಒಂದು ರೀತಿ ಹಾಕಿದರೆ ಚಾಸಿಸ್ ನ್ಯೂಟ್ರಲ್, ತಿರುಗಿಸಿ ಹಾಕಿದರೆ ಪೂರಾ 230 ವೋಲ್ಟು. ಮರದ ಪೆಟ್ಟಿಗೆ, ಹಿಂದಿನ ರಟ್ಟಿನ ಮುಚ್ಚಳ, ಬೇಕಲೈಟಿನ ಗುಬುಟುಗಳು, ಇವಿಷ್ಟೇ ಮಗುವಿಗೂ ಆ 230ಕ್ಕೂ ನಡುವಿನ ಗೋಡೆ. ಈಗ ಯೋಚಿಸಿ, ಹಳೆಯ ರೇಡಿಯೊಗಳಲ್ಲಿ ಮೊದಲು ಕಳೆದುಹೋಗುವುದು ಏನು? ಗುಬುಟು ಮತ್ತು ಹಿಂದಿನ ಮುಚ್ಚಳ! ಗುಬುಟು ಹೋದಲ್ಲಿ ಬರೀ ಕಬ್ಬಿಣದ ಕಡ್ಡಿ ಹೊರಗೆ ಇಣುಕುತ್ತಿರುತ್ತದೆ. ಗುಬುಟು ಇದ್ದರೂ ಅದನ್ನು ಬಿಗಿದ ಸಣ್ಣ ಸ್ಕ್ರೂ ಬೆರಳಿಗೆ ತಾಗುವಂತಿರುತ್ತದೆ. ಅದೇ ಕಡ್ಡಿಯನ್ನು ತಿರುಗಿಸಲು ನಲುವತ್ತು ಮಕ್ಕಳು ಸಾಲು ನಿಂತಿದ್ದಾರೆ.

ಫಿಲಿಪ್ಸಿನಂಥ ಸೆಟ್ಟುಗಳಲ್ಲಿ ವಾಲ್ವಿನ ನಂಬರು ಯುವೈ, ಯುಎಲ್, ಯುಸಿಎಚ್ ಎಂದು 'ಯು'ವಿನಿಂದ ಶುರುವಾದರೆ ಅದು ಈ ಜಾತಿ ಎಂದು ತಿಳಿಯಬೇಕು. ಅಂಥದ್ದನ್ನು ಶಾಲೆಯಲ್ಲಿ ಹಚ್ಚಲೇಬಾರದು ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಅದಕ್ಕೆ ಚಾಸಿಸ್‌ನಿಂದ ಅರ್ತ್ ಕೊಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಕೈಯಿಂದ ಸ್ಕ್ರೂಡ್ರೈವರ್ ಮೆಲ್ಲನೆ ತೆಗೆದಿಡಿ. ಫೇಸಿಗೆ ಅರ್ತ್ ಕಟ್ಟಿದ ಹಾಗಾಗುತ್ತದೆ ಅದು.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟನ್ನು ಹೇಗೆ ಪರೀಕ್ಷಿಸಬೇಕು? ಇಲ್ಲಿ ಒಂದು ಮಾತು ಕಡ್ಡಾಯ. ಮುಂದೆ ಹೇಳುವುದೆಲ್ಲ ಈ ಕೆಲಸ ಬಲ್ಲ ದೊಡ್ಡವರಿಗೆ. ಮಾಡಿಸುವ ಶಾಲೆಯವರು ಏನು ಕೇಳಬೇಕು ಎಂದು ತಿಳಿಯುವುದಕ್ಕೆ. ಮಕ್ಕಳ ಪಾಲು ಯಾವುದೆಂದು ಆಮೇಲೆ ಹೇಳುತ್ತೇವೆ.

ಮೊದಲ ಪರೀಕ್ಷೆ ಪ್ಲಗ್ಗು ಹಾಕದೆಯೇ ನಡೆಯಬೇಕು. ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಇಲ್ಲೇ ಸಿಗುತ್ತವೆ, ಆದರೆ ಇದನ್ನೇ ಎಲ್ಲರೂ ಹಾರಿಸುತ್ತಾರೆ. ಮಲ್ಟಿಮೀಟರನ್ನು ಓಮಿಗೆ ಇಟ್ಟು, ರೇಡಿಯೊದ ಸ್ವಿಚ್ಚು ಆನ್ ಮಾಡಿ ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಅಳೆಯಿರಿ. ಸಾಧಾರಣ ರೇಡಿಯೊದ ಟ್ರಾನ್ಸ್‌ಫಾರ್ಮರ್ ಕೆಲವು ಹತ್ತು ಓಮ್ ತೋರಿಸಬೇಕು. ಸೊನ್ನೆ ಬಂದರೆ ಶಾರ್ಟ್, ಏನೂ ಬಾರದಿದ್ದರೆ ಎಲ್ಲೋ ತುಂಡಾಗಿದೆ. ಆಮೇಲೆ ಒಂದೊಂದೇ ಪಿನ್ನಿನಿಂದ ಚಾಸಿಸ್‌ಗೆ ಅಳೆಯಿರಿ. ಇಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಅದು ಎಸಿ/ಡಿಸಿ ಸೆಟ್ಟು, ಇಲ್ಲವೇ ಒಳಗಿರುವುದು ಆಟೊ ಟ್ರಾನ್ಸ್‌ಫಾರ್ಮರ್, ಇಲ್ಲವೇ ವಯರು ತಪ್ಪಿದೆ. ಮೂರರಲ್ಲಿ ಯಾವುದಾದರೂ ಅಲ್ಲಿಗೇ ನಿಲ್ಲಬೇಕು. ಅರ್ತ್ ಪಿನ್ನಿನಿಂದ ಚಾಸಿಸ್‌ಗೆ ಮಾತ್ರ ಸೊನ್ನೆಯ ಹತ್ತಿರ ಬರಬೇಕು.

ಮಲ್ಟಿಮೀಟರ್ ಒಂದೇ ಸಾಲದು. ಅದರ ಓಮಿನ ಅಳತೆ ನಡೆಯುವುದು ಕೆಲವೇ ವೋಲ್ಟಿನಲ್ಲಿ. 3 ವೋಲ್ಟಿಗೆ ಸಾಧುವಾಗಿ ಕೂತ ತೇವ 300 ವೋಲ್ಟಿಗೆ ಸಾಧುವಾಗಿ ಕೂರುವುದಿಲ್ಲ. ಅದಕ್ಕೆ ಮೆಗ್ಗರ್ ಎಂಬ ಯಂತ್ರ ಬೇಕು, 500 ವೋಲ್ಟು ಕೊಟ್ಟು ಇನ್ಸುಲೇಶನ್ ಅಳೆಯುತ್ತದೆ. ಲೈಸೆನ್ಸ್ ಇರುವ ವಯರಿಂಗ್ ಕಂಟ್ರಾಕ್ಟರುಗಳ ಹತ್ತಿರ ಇರುತ್ತದೆ. ಪ್ಲಗ್ಗಿನ ಎರಡು ಪಿನ್ನುಗಳನ್ನೂ ಜೋಡಿಸಿ ಅಲ್ಲಿಂದ ಚಾಸಿಸ್‌ಗೆ ಅಳೆದಾಗ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಹತ್ತಾರು ಮೆಗಾಓಮ್ ತೋರಿಸುತ್ತದೆ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಮುಂದೆ ಹೋಗಬಾರದು. ಒಣಗಿಸಿ ಮತ್ತೆ ಅಳೆಯಬೇಕು, ಆಗಲೂ ಏರದಿದ್ದರೆ ಟ್ರಾನ್ಸ್‌ಫಾರ್ಮರ್ ಬದಲಾಯಿಸಬೇಕು.

ಎರಡನೆಯದು ಫ್ಯೂಸು. 50 ವಾಟಿನ ರೇಡಿಯೊ ಗೋಡೆಯಿಂದ ಎಳೆಯುವುದು 50 ಭಾಗಿಸು 230, ಅಂದರೆ ಸುಮಾರು 0.22 ಆಂಪಿಯರ್. ಅದಕ್ಕೆ ಅರ್ಧ ಆಂಪಿಯರಿನ, ನಿಧಾನವಾಗಿ ಕರಗುವ ಜಾತಿಯ ಫ್ಯೂಸು ಫೇಸಿನ ವಯರಿನಲ್ಲಿ ಸಾಕು. "ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ" ಎನ್ನುತ್ತಾರೆ. 6 ಆಂಪಿಯರಿನ ಎಂಸಿಬಿ ಕಾಯುವುದು ಗೋಡೆಯೊಳಗಿನ ವಯರನ್ನು, ನಿಮ್ಮ ರೇಡಿಯೊವನ್ನಲ್ಲ. 6ನ್ನು 230ರಿಂದ ಗುಣಿಸಿ. 1380 ವಾಟ್! ಒಂದು ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚಿನ ಬಿಸಿ ಒಣಗಿದ ಮರದ ಪೆಟ್ಟಿಗೆಯೊಳಗೆ ಎದ್ದರೂ ಆ ಎಂಸಿಬಿ ಬೀಳಬೇಕೆಂದಿಲ್ಲ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದವರಿಗೆ ನಾವು ಏನೂ ಹೇಳುವುದಿಲ್ಲ, ಹತ್ತನೆಯ ಕ್ಲಾಸಿನ ಮಕ್ಕಳು ಹೇಳಿಯಾರು.

ಮೂರನೆಯದು ಸೀರೀಸ್ ಬಲ್ಬು. ರಿಪೇರಿ ಅಂಗಡಿಗಳ ಈ ಹಳೆಯ ಉಪಾಯಕ್ಕೆ ನಾವು ತಲೆಬಾಗುತ್ತೇವೆ. ಫೇಸಿನ ವಯರಿನಲ್ಲಿ, ರೇಡಿಯೊಕ್ಕಿಂತ ಮೊದಲು, ಒಂದು 60 ವಾಟಿನ ತಂತಿಯ ಬಲ್ಬನ್ನು ಸೇರಿಸುತ್ತಾರೆ. ಎಲ್‌ಇಡಿ, ಸಿಎಫ್‌ಎಲ್ ಇದಕ್ಕೆ ಆಗುವುದಿಲ್ಲ, ಹಳೆಯ ಹಳದಿ ಬಲ್ಬೇ ಬೇಕು. ಲೆಕ್ಕ ಸುಲಭ. 230ನ್ನು 230ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 882 ಓಮ್. ಉರಿಯುವ ಬಲ್ಬಿನ ತಡೆ ಇಷ್ಟು. ರೇಡಿಯೊದೊಳಗೆ ಪೂರ್ತಿ ಶಾರ್ಟ್ ಇದ್ದರೂ 0.26 ಆಂಪಿಯರಿಗಿಂತ ಹೆಚ್ಚು ಹರಿಯದು. ಬಲ್ಬು ಪೂರಾ ಉರಿದು "ತಪ್ಪಿದೆ" ಎನ್ನುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಸತ್ಯ ಹೇಳುವ ಉಪಕರಣ ಬೇರೆ ಯಾವುದಿದೆ?

ಆದರೆ ಇಲ್ಲೇ ಒಂದು ದೊಡ್ಡ ಮೂಢನಂಬಿಕೆಯೂ ಹುಟ್ಟಿಕೊಂಡಿದೆ. "ಸೀರೀಸ್ ಬಲ್ಬು ಹಾಕಿದ್ದೇವೆ, ಇನ್ನು ಮುಟ್ಟಿದರೂ ಹೊಡೆಯುವುದಿಲ್ಲ" ಎಂದು. ದಯವಿಟ್ಟು ಈ ಮಾತನ್ನು ಮಕ್ಕಳ ಮುಂದೆ ಆಡಬೇಡಿ! ಸುಮಾರು 10 ಮಿಲಿಆಂಪಿಯರಿನಲ್ಲಿ ಕೈ ಹಿಡಿದದ್ದನ್ನು ಬಿಡಲಾರದು. 30 ದಾಟಿ ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ಕೆಡಬಹುದು. ಬಲ್ಬು ಬಿಡುವುದು 260 ಮಿಲಿಆಂಪಿಯರ್. ಬಲ್ಬು ಕಾಯುವುದು ಟ್ರಾನ್ಸ್‌ಫಾರ್ಮರನ್ನು, ಮನುಷ್ಯನನ್ನಲ್ಲ. ವೋಲ್ಟೇಜನ್ನು ನಿಧಾನವಾಗಿ ಏರಿಸುವ ವೇರಿಯಾಕ್ ಕೂಡ ಹಾಗೆಯೇ, ಅದು ಫೇಸನ್ನು ಬೇರ್ಪಡಿಸುವುದಿಲ್ಲ. ನಿಯಾನ್ ದೀಪದ ಟೆಸ್ಟರ್ ಹತ್ತಲಿಲ್ಲ ಎಂಬುದಂತೂ ಯಾವ ಪ್ರಮಾಣಪತ್ರವೂ ಅಲ್ಲ.

30 ಮಿಲಿಆಂಪಿಯರಿನ ಆರ್‌ಸಿಸಿಬಿ ಶಾಲೆಯ ಬೋರ್ಡಿನಲ್ಲಿದ್ದರೆ ಒಳ್ಳೆಯದು, ಇರಲೇಬೇಕು. ಫೇಸಿನಿಂದ ನೆಲಕ್ಕೆ ಸೋರಿದರೆ ಅದು ಕಡಿಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ 300 ವೋಲ್ಟಿಗೂ ಚಾಸಿಸ್‌ಗೂ ನಡುವೆ ನಿಮ್ಮ ಕೈ ಸಿಕ್ಕಿದರೆ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಕ್ರಮ ಮಾತ್ರ. ಒಂದು ಕೈ ಬೆನ್ನ ಹಿಂದೆ. ಮೀಟರಿನ ಕಪ್ಪು ವಯರು ಪ್ಲಗ್ಗು ತೆಗೆದಿರುವಾಗಲೇ ಕ್ಲಿಪ್ಪಿನಿಂದ ಚಾಸಿಸ್‌ಗೆ ಸಿಕ್ಕಿಸಿರಬೇಕು. ಕಾಲಡಿ ಒಣ ಹಲಗೆ. ಸ್ವಿಚ್ಚಿನ ಹತ್ತಿರ ಇನ್ನೊಬ್ಬರು ನಿಂತಿರಬೇಕು. ಏನಾದರೂ ಆದರೆ ಅವರು ಮೊದಲು ಸ್ವಿಚ್ಚು ಆರಿಸಬೇಕು, ಹಿಡಿದು ಎಳೆಯಬಾರದು.

ನಾಲ್ಕನೆಯದಾಗಿ ಕರೆಂಟು ಕೊಡುವ ಕ್ರಮ. ಎಲ್ಲ ವಾಲ್ವುಗಳನ್ನೂ ತೆಗೆದು, ಸೀರೀಸ್ ಬಲ್ಬಿನ ಮೂಲಕ ಬರೀ ಟ್ರಾನ್ಸ್‌ಫಾರ್ಮರಿಗೆ ಮೊದಲು ಕೊಡಬೇಕು. ಬಲ್ಬು ಮಂಕಾಗಿಯೇ ಇರಬೇಕು. ಜೋರಾಗಿ ಉರಿದರೆ ಸುರುಳಿಯೊಳಗೆ ಶಾರ್ಟ್ ಇದೆ. ಮಂಕಾಗಿದ್ದರೆ 6.3 ವೋಲ್ಟಿನ ಸುರುಳಿ ಅಳೆಯಬೇಕು, ಲೋಡಿಲ್ಲದಿದ್ದಾಗ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಎಚ್‌ಟಿ ಸುರುಳಿಯ ಎರಡು ಭಾಗಗಳೂ ಹೆಚ್ಚುಕಡಿಮೆ ಸಮವಾಗಿರಬೇಕು. ವೋಲ್ಟೇಜ್ ಆರಿಸುವ ತಿರುಪು 110ರಲ್ಲೋ 220ರಲ್ಲೋ ಉಳಿದಿದೆಯೇ ನೋಡಿ. ನಮ್ಮ ಹಳ್ಳಿಗಳ ಲೈನು ಸಂಜೆ ಇಳಿದು ನಡುರಾತ್ರಿ ಏರುವಂಥದ್ದು, 240ರಲ್ಲಿಟ್ಟರೆ ಕ್ಷೇಮ.

ಆಮೇಲೆ ರೆಕ್ಟಿಫೈಯರ್ ಮಾತ್ರ ಹಾಕಿ ಪವರ್ ಸಪ್ಲೈಯನ್ನು ನೋಡಬೇಕು. ಇಲ್ಲಿ ಖಾಲಿ ಓಡಿಸುವ ತಪ್ಪು ನಡೆಯುತ್ತದೆ. 250 ವೋಲ್ಟು ಎಸಿಯ ನೆತ್ತಿ 250ರ 1.414 ಪಟ್ಟು, ಅಂದರೆ ಸುಮಾರು 353 ವೋಲ್ಟು. ಲೋಡು ಇಲ್ಲದಿದ್ದರೆ ಕೆಪಾಸಿಟರು ಅಲ್ಲಿಯವರೆಗೆ ತುಂಬುತ್ತದೆ. ಅದರ ಮೈಮೇಲೆ 350 ವೋಲ್ಟು ಎಂದು ಬರೆದಿದ್ದರೆ? ಸಿಡಿಯುತ್ತದೆ ಅಥವಾ ಸಿಡಿಯುವ ದಾರಿ ಹಿಡಿಯುತ್ತದೆ. ಆದ್ದರಿಂದ 450 ವೋಲ್ಟಿನ ಹೊಸ ಕೆಪಾಸಿಟರ್ ಹಾಕಬೇಕು. ರೇಡಿಯೊದ ಬದಲಿಗೆ 4.7 ಕಿಲೊಓಮ್, 25 ವಾಟಿನ ತಂತಿ ಸುತ್ತಿದ ರೆಸಿಸ್ಟರನ್ನು ಲೋಡಾಗಿ ಕೊಡಬೇಕು. 250 ವೋಲ್ಟಿನಲ್ಲಿ ಅದು 53 ಮಿಲಿಆಂಪಿಯರ್ ಎಳೆಯುತ್ತದೆ, 13 ವಾಟಿನಷ್ಟು ಬಿಸಿಯಾಗುತ್ತದೆ. ಹಂಚಿನ ಮೇಲಿಡಿ, ಮೇಜಿನ ಮೇಲೆ ಬೇಡ.

ರೆಕ್ಟಿಫೈಯರ್ ವಾಲ್ವು ಸಿಗಲಿಲ್ಲವೆಂದು ಎರಡು ಡಯೋಡು ಹಾಕಿ ಮುಗಿಸುವವರಿಗೂ ಒಂದು ಮಾತು. ವಾಲ್ವು ಕಾದು ನಿಧಾನವಾಗಿ ಕೊಡುತ್ತಿದ್ದ ವೋಲ್ಟೇಜನ್ನು ಡಯೋಡು ಸ್ವಿಚ್ಚು ಹಾಕಿದ ಕೂಡಲೇ ಕೊಡುತ್ತದೆ, ಉಳಿದ ವಾಲ್ವುಗಳು ಇನ್ನೂ ತಣ್ಣಗಿರುವಾಗಲೇ. ಮೇಲೆ ಹೇಳಿದ 353 ಪ್ರತಿ ಸಲವೂ ಬರುತ್ತದೆ. ಆರಿದ ಅರೆಚಕ್ರದಲ್ಲಿ ಒಂದೊಂದು ಡಯೋಡು ಅದರ ಎರಡು ಪಟ್ಟು, 707 ವೋಲ್ಟು ತಡೆಯಬೇಕು. 1000 ವೋಲ್ಟಿನ 1ಎನ್4007 ತಡೆದೀತು, 400 ವೋಲ್ಟಿನ 1ಎನ್4004 ತಡೆಯದು. ನೋಡಲು ಎರಡೂ ಒಂದೇ!

ಕೊನೆಗೆ ಬಲ್ಬು ತೆಗೆದು ಫ್ಯೂಸಿನೊಂದಿಗೆ ಪೂರ್ತಿ ವೋಲ್ಟೇಜು. ಡಿಸಿ ಎಷ್ಟು, ಅದರ ಮೇಲಿನ ಎಸಿಯ ಏರಿಳಿತ ಎಷ್ಟು, ಎರಡನ್ನೂ ಬರೆದಿಡಬೇಕು. ಐದು ನಿಮಿಷ, ಹದಿನೈದು ನಿಮಿಷ, ಒಂದು ಗಂಟೆ, ಒಂದೊಂದು ಸಲವೂ ಪ್ಲಗ್ಗು ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರ್ ಕೈಗೆ ಎಷ್ಟು ಬಿಸಿ ಎಂದು ನೋಡಬೇಕು. ಕೈ ಇಡಲಾರದಷ್ಟು ಕಾದರೆ ನಪಾಸು. ಇಷ್ಟೆಲ್ಲ ಆದ ಮೇಲೆ ಉಳಿದ ವಾಲ್ವುಗಳು, ಆಮೇಲೆ ಹಾಡು!

ಕೆಪಾಸಿಟರ್ ಖಾಲಿ ಮಾಡುವುದೆಂದರೆ ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸುವುದಲ್ಲ. 10 ಕಿಲೊಓಮ್, 10 ವಾಟಿನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಶನ್ ಇರುವ ವಯರು ಮತ್ತು ಕ್ಲಿಪ್ಪು ಹಾಕಿ, ಹತ್ತು ಸೆಕೆಂಡು ಹಿಡಿದು, ಆಮೇಲೂ ಮೀಟರಿನಲ್ಲಿ ನೋಡುವುದು. 100 ಮೈಕ್ರೊಫ್ಯಾರಡ್ 300 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ 4.5 ಜೌಲ್ ಇರುತ್ತದೆ. ಒಂದು ಕಿಲೊ ತೂಕದ ತೆಂಗಿನಕಾಯಿ ಒಂದೂವರೆ ಅಡಿ ಮೇಲಿನಿಂದ ಬೀಳುವ ಶಕ್ತಿ ಅದು. ಪ್ಲಗ್ಗು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೇವೆ ಎಂಬ ಧೈರ್ಯ ಅದಕ್ಕೆ ತಿಳಿಯುವುದಿಲ್ಲ.

ಈಗ ನಿಜವಾದ ದೂರಿಗೆ ಬರೋಣ. ಇದರಲ್ಲಿ ಹತ್ತನೆಯ ಕ್ಲಾಸಿನ ಭೌತಶಾಸ್ತ್ರಕ್ಕೆ ಮೀರಿದ್ದು ಎಷ್ಟಿದೆ? ಓಮನ ನಿಯಮ, ಪವರಿನ ಸೂತ್ರ, ಶಕ್ತಿಯ ಲೆಕ್ಕ, ಹೆಚ್ಚೆಂದರೆ ಹನ್ನೆರಡನೆಯ ಕ್ಲಾಸಿನ ಕೆಪಾಸಿಟರ್. ನಮ್ಮ ಮಕ್ಕಳು ಇದನ್ನೆಲ್ಲ ಕನ್ನಡದಲ್ಲಿ ಓದುತ್ತಾರೆ, ಕನ್ನಡದಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ಸಂಧಾರಕ ಎಂದರೇನೆಂದು ಕೇಳಿದರೆ ನಾಲ್ಕು ಸಾಲು ಬರೆಯುತ್ತಾರೆ. ಆ ಸಂಧಾರಕವೇ ರೇಡಿಯೊದೊಳಗೆ ಕೂತಿರುವ ಅಲ್ಯೂಮಿನಿಯಮ್ ಡಬ್ಬಿ, ಅದು ಕಚ್ಚುತ್ತದೆ ಎಂಬುದು ಅವರಿಗೆ ತಿಳಿಯುವುದು ಪೇಟೆಯ ರಿಪೇರಿ ಅಂಗಡಿಯಲ್ಲಿ, ಮಲಯಾಳದಲ್ಲಿ. ಇಲ್ಲವೇ ಯೂಟ್ಯೂಬಿನಲ್ಲಿ, ಇಂಗ್ಲಿಷಿನಲ್ಲಿ. ಮಲಯಾಳದ ಮೇಲೆ ನಮಗೆ ಸಿಟ್ಟಿಲ್ಲ, ಆ ಅಂಗಡಿಯವರು ಕಲಿಸಿದ್ದಕ್ಕೆ ಋಣಿಗಳು. ನಮ್ಮ ಸಿಟ್ಟು ನಮ್ಮ ಮೇಲೆಯೇ. ಪುಸ್ತಕದ ಕನ್ನಡಕ್ಕೂ ಕೈಯ ಕೆಲಸಕ್ಕೂ ನಡುವೆ ಸೇತುವೆ ಕಟ್ಟಬೇಕಾದವರು ಕನ್ನಡ ಮೇಷ್ಟ್ರುಗಳಾದ ನಾವು.

ಯೂಟ್ಯೂಬಿನದ್ದು ಇನ್ನೊಂದು ಕಥೆ. ಅಮೆರಿಕದವರು ತೋರಿಸುವ ಬಲ್ಬಿನ ಉಪಾಯ 120 ವೋಲ್ಟಿನದ್ದು, ನಮ್ಮದರ ಅರ್ಧ. ಅವರ ಲೈನು 60 ಹರ್ಟ್ಸ್, ನಮ್ಮದು 50. ಅವರ ಪ್ಲಗ್ಗು ಬೇರೆ, ವಯರಿನ ಬಣ್ಣ ಬೇರೆ. ಅಲ್ಲಿ ಕರಿ ಬಣ್ಣ ಫೇಸು, ಬಿಳಿ ಬಣ್ಣ ನ್ಯೂಟ್ರಲ್! ಅದನ್ನು ನೋಡಿಕೊಂಡು ಇಲ್ಲಿ ಕರಿ ವಯರಿಗೆ ಕೈ ಹಾಕುವ ಹುಡುಗನಿಗೆ ಯಾರು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು?

"ಇಷ್ಟೆಲ್ಲ ಹೆದರಿಸಿದರೆ ಮಕ್ಕಳಲ್ಲಿ ಕುತೂಹಲ ಸಾಯುತ್ತದೆ" ಎಂಬ ಆಕ್ಷೇಪವನ್ನೂ ಕೇಳಿದ್ದೇವೆ. ಕುತೂಹಲ ಸಾಯುವುದು "ಅಪಾಯ" ಎಂಬ ಬೋರ್ಡು ನೇತುಹಾಕಿ ಕಾರಣ ಹೇಳದೆ ಓಡಿಸಿದಾಗ. ಲೆಕ್ಕ ಮಾಡಿ ತೋರಿಸಿದರೆ ಅದು ಬೆಳೆಯುತ್ತದೆ. ಮಕ್ಕಳ ಪಾಲಿಗೆ ಒಂದು ಪ್ರಯೋಗ ಹೀಗಿದೆ. ಎರಡು ಟಾರ್ಚಿನ ಸೆಲ್ಲು, ಒಂದು ಹಳೆಯ ತಂತಿಯ ಟಾರ್ಚ್ ಬಲ್ಬು, ಒಂದು ಆಟಿಕೆಯ ಮೋಟರು, ಮೂರೂ ಸೀರೀಸಿನಲ್ಲಿ. ಮೋಟರು ಸಲೀಸಾಗಿ ತಿರುಗುವಾಗ ಬಲ್ಬು ಮಂಕು. ಬೆರಳಿನಿಂದ ಕಡ್ಡಿಯನ್ನು ಹಿಡಿದು ನಿಲ್ಲಿಸಿದರೆ ಬಲ್ಬು ಬೆಳಗುತ್ತದೆ. ಮೋಟರಿನ ಎರಡು ತುದಿಗೆ ತಂತಿ ಮುಟ್ಟಿಸಿ ಶಾರ್ಟ್ ಮಾಡಿದರೆ ಪೂರಾ ಬೆಳಗುತ್ತದೆ. 3 ವೋಲ್ಟಿನಲ್ಲಿ, ಯಾವ ಅಪಾಯವೂ ಇಲ್ಲದೆ, ಸೀರೀಸ್ ಬಲ್ಬಿನ ಇಡೀ ಪಾಠ ಮುಗಿಯಿತು. ಏಳನೆಯ ಕ್ಲಾಸಿನವರೂ ಮಾಡಬಹುದು. ರೇಡಿಯೊದ ವಿಷಯದಲ್ಲೂ ಕೆಪಾಸಿಟರ್ ಖಾಲಿಯಾಗಿದೆ ಎಂದು ದೊಡ್ಡವರು ಅಳೆದು ತೋರಿಸಿದ ಮೇಲೆ, ಪ್ಲಗ್ಗು ಮೇಷ್ಟ್ರ ಕೈಯಲ್ಲಿರುವಾಗ, ಓಮಿನ ಅಳತೆಗಳನ್ನು ದೊಡ್ಡ ಮಕ್ಕಳಿಂದಲೇ ಬರೆಸಬಹುದು. ಕರೆಂಟು ಇರುವಾಗ ಮಾತ್ರ ಮಗುವಿನ ಕೈ ಪೆಟ್ಟಿಗೆಯ ಹತ್ತಿರವೂ ಬರಬಾರದು.

ಆದ್ದರಿಂದ ನಮ್ಮ ಕನ್ನಡ ಶಾಲೆಗಳ ಅಧ್ಯಾಪಕರಲ್ಲಿ, ರಕ್ಷಕ-ಶಿಕ್ಷಕ ಸಂಘದವರಲ್ಲಿ, ದಾನ ಕೊಡುವ ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ಬೇಡಿಕೆ ಹೀಗಿದೆ.

ಶಾಲೆಗೆ ಬರುವ ಪ್ರತಿಯೊಂದು ಹಳೆಯ ರೇಡಿಯೊದ ಹಿಂದೆ ಒಂದು ಚೀಟಿ ಅಂಟಿಸಿರಬೇಕು, ಕನ್ನಡದಲ್ಲಿ. ಯಾವ ಜಾತಿಯ ಸೆಟ್ಟು, ಪ್ಲಗ್ಗಿನಿಂದ ಚಾಸಿಸ್‌ಗೆ ಎಷ್ಟು ಮೆಗಾಓಮ್, ಫ್ಯೂಸು ಎಷ್ಟು, ಎಚ್‌ಟಿ ಎಷ್ಟು, ಒಂದು ಗಂಟೆ ಓಡಿಸಿದ್ದು ಯಾವಾಗ, ಪರೀಕ್ಷಿಸಿದವರು ಯಾರು. ಹಿಂದಿನ ಮುಚ್ಚಳ ಮತ್ತು ಎಲ್ಲ ಗುಬುಟುಗಳು ಇರಬೇಕು. ಮೂರು ಪಿನ್ನಿನ ಪ್ಲಗ್ಗು ಇರಬೇಕು.

ಚೀಟಿ ಇಲ್ಲದಿದ್ದರೆ ಪ್ಲಗ್ಗು ಇಲ್ಲ. ವಯರನ್ನು ಬುಡದಲ್ಲೇ ಕತ್ತರಿಸಿ ಗಾಜಿನ ಕಪಾಟಿನಲ್ಲಿಡಿ, ಅದರ ಗೌರವ ಕಡಿಮೆಯಾಗುವುದಿಲ್ಲ. ಹಾಡು ಕೇಳಿಸಲೇಬೇಕಾದರೆ ಹಿಂದೆ ಸೆಲ್ಲಿನ ಸಣ್ಣ ಟ್ರಾನ್ಸಿಸ್ಟರ್ ಇಟ್ಟು ಕೇಳಿಸಿ, ಮಕ್ಕಳಿಗೆ ನಿಜ ಹೇಳಿ.

ದಾನ ಕೊಟ್ಟವರಿಗೆ ಬೇಸರವಾದೀತೆಂದು ಸುಮ್ಮನಿರಬೇಡಿ. "ಚೀಟಿ ಎಲ್ಲಿದೆ ಅಣ್ಣಾ?" ಎಂದು ಕೇಳುವುದರಲ್ಲಿ ಅವಮಾನವಿಲ್ಲ. ನಿಜವಾಗಿ ಕೆಲಸ ಬಲ್ಲವರು ಆ ಪ್ರಶ್ನೆಗೆ ಸಂತೋಷಪಡುತ್ತಾರೆ, ಅಳತೆಗಳೆಲ್ಲ ಅವರ ಜೇಬಿನಲ್ಲೇ ಇರುತ್ತವೆ. ಸಿಟ್ಟಾಗುವವರ ರೇಡಿಯೊವನ್ನು ಎರಡು ಸಲ ಪರೀಕ್ಷಿಸಿ.

ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿ ಎಂದು ಮನೆ ಮನೆಗೆ ಹೋಗಿ ಕೇಳುವವರು ನಾವು. ಕಳಿಸಿದ ಮಗುವನ್ನು ಸಂಜೆ ಹಾಗೆಯೇ ಮನೆಗೆ ಮುಟ್ಟಿಸುವುದು ಆ ಬೇಡಿಕೆಯ ಇನ್ನರ್ಧ. ಮುಂದಿನ ಪ್ರದರ್ಶನಕ್ಕೆ ಮೊದಲು ನಿಮ್ಮ ಶಾಲೆಯ ಸ್ಟಾಫ್ ಮೀಟಿಂಗಿನಲ್ಲಿ ಈ ಚೀಟಿಯ ಮಾತು ಒಮ್ಮೆ ಬರಲಿ. ಐದು ನಿಮಿಷ ಸಾಕು.